ಮೆಕ್ಸಿಕೋಗೆ ಹೊರಡುವ ಮುನ್ನ ಪಾಸ್‌ಪೋರ್ಟ್ ತೆರೆದು ನೋಡಿ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ ಕನ್ನಡಿಗರಿಗೆ ರಜೆಯಲ್ಲಿ ಮೆಕ್ಸಿಕೋದ ಕ್ಯಾನ್‌ಕೂನ್ ಹತ್ತಿರದ ಪ್ರವಾಸ. ಭಾರತೀಯರ ಬಳಿ ಅವಧಿ ಮುಗಿಯದ ಅಮೆರಿಕ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೋ ವೀಸಾ ಬೇಕಿಲ್ಲ.

ಎಚ್-1ಬಿಯವರು ಎಡವುವುದು ಇಲ್ಲೇ. ಐ-797 ಅಪ್ರೂವಲ್ ನೋಟಿಸ್ ವೀಸಾ ಅಲ್ಲ. ಪಾಸ್‌ಪೋರ್ಟಿನಲ್ಲಿರುವ ಸ್ಟಾಂಪ್ ಅವಧಿ ಮುಗಿದಿದ್ದರೆ, ಈ ಮೂರೂ ನಗರಗಳಲ್ಲಿರುವ ಮೆಕ್ಸಿಕೋ ಕಾನ್ಸುಲೇಟ್‌ಗಳಲ್ಲಿ ಒಂದರಿಂದ ಮೊದಲೇ ವೀಸಾ ಪಡೆಯಿರಿ. ಐ-94 ಚಾಲ್ತಿಯಲ್ಲಿದ್ದು, 30 ದಿನದೊಳಗೆ ಮರಳಿದರೆ ಹಳೆಯ ಸ್ಟಾಂಪ್‌ನಲ್ಲೇ ಸಾಮಾನ್ಯವಾಗಿ ಅಮೆರಿಕಕ್ಕೆ ವಾಪಸಾಗಬಹುದು. ಆದರೆ ಅಲ್ಲಿ ಹೊಸ ಅಮೆರಿಕ ವೀಸಾಕ್ಕೆ ಅರ್ಜಿ ಹಾಕಿರಬಾರದು.

ಊರಿಂದ ಬಂದ ಅಪ್ಪ-ಅಮ್ಮನನ್ನೂ ಕರೆದೊಯ್ಯುತ್ತೀರಾ? ಮರಳಿದ ಮೇಲೆ ಅವರಿಗೆ ಹೊಸದಾಗಿ ಆರು ತಿಂಗಳು ಸಿಗುತ್ತದೆಂದು ನಂಬಿ ಊರಿನ ಟಿಕೆಟ್ ಮುಂದೂಡಬೇಡಿ. ಅವರು ಹೊರಡಬೇಕಾದ ದಿನವನ್ನು ಹೇಳುವುದು ಐ-94 ಮಾತ್ರ.