ಎಳೆಯ ಗೊರಕೆ

ಡೊಂಬಿವಲಿಯ ಪೂರ್ವಭಾಗದಲ್ಲಿ, ರೈಲುಹಳಿಗೆ ಸಮೀಪವಾಗಿ ನಿಂತಿರುವ ಹಳೆಯ ಚಾಳೊಂದರಲ್ಲಿ, ತಂಗಿಯ ಒಂದೇ ಕೋಣೆಯ ಸಂಸಾರದೊಡನೆ ರಾತ್ರಿ ಕಳೆಯುವ ಪ್ರಸಂಗ ಒದಗಿದಾಗ, ಕಡೆಯ ಲೋಕಲ್ ಕಲ್ಯಾಣದತ್ತ ಸಾಗಿ ಸದ್ದಡಗಿದ ಮೇಲೆ ನನ್ನ ಕಿವಿಗೆ ಬಿದ್ದುದು ಆರು ವರ್ಷದ ಸೋದರಳಿಯನ ಗೊರಕೆ. "ಆಡಿ ದಣಿದಿದಾನೆ ಅಣ್ಣ, ಒಳ್ಳೇ ನಿದ್ದೆ" ಎಂದಳು ತಂಗಿ.

ದೀಪ ಹಾಕಿ ನೋಡಿದೆ. ಕೊರಳನ್ನು ಹಿಂದಕ್ಕೆ ಚಾಚಿ, ಬಾಯಿ ತೆರೆದು, ಬೆವರಿನಿಂದ ತೊಯ್ದ ಬನಿಯನ್ನಿನಲ್ಲಿ ಮಲಗಿದ್ದ ಹುಡುಗನ ಗೊರಕೆ ಥಟ್ಟನೆ ನಿಂತಿತು. ಹೊಟ್ಟೆ ಉಬ್ಬುತ್ತಿದೆ, ಎದೆ ಒಳಸೇರುತ್ತಿದೆ, ಉಸಿರು ಮಾತ್ರ ಇಲ್ಲ. ನಾನು ಎಂಟೆಣಿಸುವಷ್ಟರಲ್ಲಿ ಏದುಸಿರೊಂದನ್ನು ಎಳೆದು, ಮಗ್ಗುಲಾಗಿ, ಮತ್ತೆ ಗೊರಕೆಗಿಳಿದ.

ವೈದ್ಯರು ಸ್ಲೀಪ್ ಆಪ್ನಿಯಾ ಎಂದು ಕರೆಯುವ ಈ ನಿದ್ರಾಶ್ವಾಸಸ್ತಂಭನವು ನೂರರಲ್ಲಿ 1ರಿಂದ 5 ಮಕ್ಕಳನ್ನು ಬಾಧಿಸುತ್ತದೆ. ಗಂಟಲು ಇನ್ನೂ ಇಕ್ಕಟ್ಟಾಗಿದ್ದು ಟಾನ್ಸಿಲ್, ಅಡಿನಾಯ್ಡ್ ಗ್ರಂಥಿಗಳು ಕೊಬ್ಬಿರುವ 2ರಿಂದ 8ರ ವಯಸ್ಸಿನಲ್ಲಿ, ನಿದ್ರೆಯಿಂದ ಸ್ನಾಯುಗಳು ಸಡಿಲಗೊಂಡೊಡನೆ ವಾಯುಮಾರ್ಗ ಮುಚ್ಚಿಕೊಳ್ಳುವುದು. ದೊಡ್ಡವರಾದರೆ ಹಗಲು ತೂಕಡಿಸುತ್ತಾರೆ. ಮಕ್ಕಳಾದರೋ ಚಡಪಡಿಸುತ್ತಾರೆ, ಹಟ ಹಿಡಿಯುತ್ತಾರೆ, ಹಾಸಿಗೆಯಲ್ಲಿ ಉಚ್ಚೆ ಹೊಯ್ಯುತ್ತಾರೆ. ಚಿಕಿತ್ಸೆಯಿಲ್ಲದೆ ಉಲ್ಬಣಿಸಿದರೆ ಮೈ ಬೆಳವಣಿಗೆ ಕುಂಠಿತವಾಗಿ, ಶ್ವಾಸಕೋಶದ ರಕ್ತನಾಳಗಳ ಒತ್ತಡವೇರಿ ಹೃದಯಕ್ಕೂ ಆಯಾಸವಾದೀತು. ಬಾಯಲ್ಲಿ ಉಸಿರಾಡುವ ಮಕ್ಕಳ "ದಡ್ಡತನ"ಕ್ಕೆ ಮೂಗು-ಗಂಟಲಿನ ತಡೆಯೂ ಕಾರಣವೆಂದು ವಿಲಿಯಂ ಹಿಲ್ ಎಂಬ ಆಂಗ್ಲ ವೈದ್ಯನು 1889ರಷ್ಟು ಹಿಂದೆಯೇ ಬರೆದಿದ್ದರೂ, ನಮ್ಮ ಹುಡುಗನ ಶಾಲೆಯ ದಿನಚರಿಯಲ್ಲಿ "ಗಮನವಿಲ್ಲ" ಎಂಬ ಷರಾ ತಿಂಗಳುಗಟ್ಟಲೆ ಬಂದಿತ್ತು. ಅದಕ್ಕಾಗಿ ಏಟು ತಿಂದವನೂ ಅವನೇ.

ಆ ರಾತ್ರಿ ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋ ತೆಗೆದೆ. ಕಿವಿ-ಮೂಗು-ಗಂಟಲಿನ ವೈದ್ಯರು ಅದನ್ನು ಎರಡು ಬಾರಿ ನೋಡಿ, ಸ್ಲೀಪ್ ಸ್ಟಡಿಗೆ ಬರೆದುಕೊಟ್ಟರು: ತಲೆಗೆ, ಎದೆಗೆ, ಬೆರಳಿಗೆ ತಂತಿ ಅಂಟಿಸಿ ಇರುಳೆಲ್ಲ ಮಿದುಳಿನ ಅಲೆ, ಉಸಿರು, ರಕ್ತದ ಆಮ್ಲಜನಕಗಳನ್ನು ದಾಖಲಿಸುವ ಪರೀಕ್ಷೆ. ವಯಸ್ಕರಲ್ಲಿ ಗಂಟೆಗೆ 5 ತಡೆಗಳವರೆಗೆ ಸಹ್ಯವೆಂದೆಣಿಸುವವರು ಮಕ್ಕಳಲ್ಲಿ 1ನ್ನು ಮೀರಿದರೇ ಎಚ್ಚರಗೊಳ್ಳುತ್ತಾರೆ.

ಗ್ರಂಥಿಗಳ ಶಸ್ತ್ರಚಿಕಿತ್ಸೆಯೇ ಮೊದಲ ಉಪಾಯವಾದರೂ ಎಲ್ಲರಿಗೂ ಅವಸರವಿಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 5ರಿಂದ 9 ವರ್ಷದ 464 ಮಕ್ಕಳ ಪೈಕಿ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ. 79, ಬರಿದೆ ಕಾದುನೋಡಿದವರಲ್ಲಿಯೂ ಶೇ. 46 ಮಂದಿಯ ನಿದ್ರಾಪರೀಕ್ಷೆ ಏಳು ತಿಂಗಳಲ್ಲಿ ಸಹಜಕ್ಕೆ ಮರಳಿತು. ಸೌಮ್ಯವಾದುದಕ್ಕೆ ಮೂಗಿನ ಸ್ಪ್ರೇ. ಸ್ಥೂಲಕಾಯರಿಗೆ ತೂಕದ ಹತೋಟಿ. ಆಮೇಲೂ ತೊಂದರೆ ಉಳಿದರೆ ಒತ್ತಡದಿಂದ ಗಾಳಿಯೂಡುವ ಸಿಪ್ಯಾಪ್ ಮುಖವಾಡ. ಡೌನ್ ಸಿಂಡ್ರೋಮಿನ ಮಕ್ಕಳಿಗಂತೂ ಗೊರಕೆಯಿಲ್ಲದಿದ್ದರೂ ನಾಲ್ಕು ತುಂಬುವುದರೊಳಗೆ ಪರೀಕ್ಷೆ ಬೇಕು. ಮೂರರೊಳಗಿನ ಕೂಸುಗಳನ್ನೂ ತೊಂದರೆ ತೀವ್ರವಾಗಿರುವವರನ್ನೂ ಶಸ್ತ್ರಚಿಕಿತ್ಸೆಯ ಇರುಳು ಆಸ್ಪತ್ರೆಯಲ್ಲಿಯೇ ಇರಿಸಿಕೊಳ್ಳತಕ್ಕದ್ದು. ಆದ್ದರಿಂದ ಥಾಣೆಯಾಗಲಿ ವಾಶಿಯಾಗಲಿ, ಮಕ್ಕಳ ಅರಿವಳಿಕೆ ಬಲ್ಲವರು ಇರುವೆಡೆಯನ್ನು ವಿಚಾರಿಸಿ ಹೋಗುವುದು ಲೇಸು.

ಹುಡುಗನ ಟಾನ್ಸಿಲ್ ತೆಗೆದು ಮೂರು ವಾರ ಕಳೆದಿತ್ತು. ತಂಗಿ ನಸುಕಿನಲ್ಲಿಯೇ ಫೋನು ಮಾಡಿದಳು: "ರಾತ್ರಿ ಸದ್ದೇ ಇಲ್ಲ ಅಣ್ಣ. ಹೆದರಿಕೆಯಾಗಿ ಎದ್ದು, ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ."