ಅವಧಿಪೂರ್ವ ಹೆರಿಗೆ: ವಂಶವೊಂದೇ ಕಾರಣವಲ್ಲ

ಗರ್ಭಕ್ಕೆ 37 ವಾರ ತುಂಬುವ ಮುನ್ನ ಆಗುವುದು ಅವಧಿಪೂರ್ವ ಹೆರಿಗೆ. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಶಿಶುಗಳು ಹೀಗೆ ಜನಿಸಿದವು. ಇದನ್ನು ಮನೆತನದ ದೋಷವೆಂದು ಸೊಸೆಯ ಮೇಲೆ ಹೊರಿಸುವ ರೂಢಿ ನಮ್ಮಲ್ಲಿದೆ. ವಂಶವಾಹಿಗಳ ಪಾತ್ರ ಉಂಟು, ಆದರೆ ಅದೇ ಸರ್ವಸ್ವವಲ್ಲ. ಅಮೆರಿಕದಲ್ಲಿ ಬಿಳಿಯ ತಾಯಂದಿರಿಗಿಂತ ಕಪ್ಪು ತಾಯಂದಿರಲ್ಲಿ ಇಂಥ ಹೆರಿಗೆ ಸುಮಾರು ಒಂದೂವರೆ ಪಟ್ಟು. ಆಫ್ರಿಕದಲ್ಲೇ ಹುಟ್ಟಿ ಅಲ್ಲಿ ನೆಲೆಸಿದವರಲ್ಲಿ ಅಷ್ಟಿಲ್ಲ. ಮೂಲ ಒಂದೇ ಆದರೂ ಬದುಕು ಬೇರೆ.

ಸೋಂಕು, ನಿರಂತರ ಮನೋವೇದನೆಗಳು ದೇಹದಲ್ಲಿ ಉರಿಯೂತವನ್ನು ಹೆಚ್ಚಿಸುತ್ತವೆ. ಆಗ ಸ್ರವಿಸುವ ರಾಸಾಯನಿಕಗಳು ಗರ್ಭಕಂಠವನ್ನು ಮೃದುಗೊಳಿಸಿ, ಅಕಾಲದಲ್ಲಿ ನೋವನ್ನು ಎಬ್ಬಿಸುತ್ತವೆ. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ವೈದ್ಯಕೀಯ ಕಾಲೇಜೂ ಪಾಲ್ಗೊಂಡ, 2020ರಲ್ಲಿ ಪ್ರಕಟವಾದ ಆರು ದೇಶಗಳ ಅಧ್ಯಯನದಲ್ಲಿ, ಉರಿಯೂತ ತಗ್ಗಿಸುವ ಆಸ್ಪಿರಿನ್ನನ್ನು ಅಲ್ಪ ಪ್ರಮಾಣದಲ್ಲಿ ಪಡೆದ ಚೊಚ್ಚಲ ಗರ್ಭಿಣಿಯರಲ್ಲಿ ಅವಧಿಪೂರ್ವ ಹೆರಿಗೆ ಶೇ. 11.6, ಪಡೆಯದವರಲ್ಲಿ ಶೇ. 13.1. ವೈದ್ಯರು ಹೇಳದೆ ಇದನ್ನು ಸೇವಿಸಲಾಗದು.

ಶಿವನಸಮುದ್ರದ ಸುತ್ತಲಿನ ಸದ್ಭಕ್ತರಲ್ಲಿ ನಮ್ಮ ವಿನಂತಿ: ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ನಡೆಯುವ ಉಚಿತ ತಪಾಸಣೆಗೆ ಕರೆದೊಯ್ಯಿರಿ, ರಕ್ತ, ಮೂತ್ರ ಪರೀಕ್ಷೆ ಮಾಡಿಸಿರಿ. ಉರಿಮೂತ್ರ, ಹೊಟ್ಟೆ ಬಿಗಿತ, ನೀರು ಹೋಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಧಾವಿಸಿರಿ. ಗರ್ಭಿಣಿಯನ್ನು ನೋಯಿಸದೆ ಪೊರೆಯುವುದೂ ದಾಸೋಹವೇ.