ಹೋದ ದಾರಿ ತೆರೆದೇ ಇದ್ದರೂ

ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಹೆಗಲಿನ ಹತ್ತಿರ ಕತ್ತರಿಸಿ, ಮುಚ್ಚಳ ತೆಗೆದ ಮೂತಿಯನ್ನು ತಿರುವಿ ಒಳಗೆ ತುರುಕಿದರೆ ಮೀನಿನ ಬೋನು ಸಿದ್ಧ. ಮಲೆನಾಡಿನ ಗದ್ದೆಗಳಲ್ಲಿ ಇಡುವ ಬಿದಿರಿನ ಕೂಣಿಯ ಯುಕ್ತಿಯೂ ಇದೇ. ಕದವಿಲ್ಲ, ಚಿಲಕವಿಲ್ಲ, ಹೋದ ದಾರಿ ತೆರೆದೇ ಇರುತ್ತದೆ. ಆದರೂ ಮೀನು ಹೊರಬರಲು ತಿಣುಕುತ್ತದೆ. ಸಣ್ಣ ಮೀನಿಗೆ ಅಂಚು ಹಿಡಿದು ಈಜುವ ಚಾಳಿ. ಹೊರಗಿನಿಂದ ಬರುವಾಗ ಲಾಳಿಕೆಯ ಇಳಿಜಾರು ಗೋಡೆಯೇ ಅದನ್ನು ಕಿಂಡಿಗೆ ಮುಟ್ಟಿಸುತ್ತದೆ. ಒಳಹೊಕ್ಕ ಮೇಲೆ ಅದೇ ಕಿಂಡಿ ಗೋಡೆಗೆ ದೂರ, ನಟ್ಟನಡುವೆ. ಮೀನು ಗೋಡೆ ಸವರುತ್ತ ಸುತ್ತುತ್ತಲೇ ಇರುತ್ತದೆ. ಅದನ್ನು ಹಿಡಿದಿಟ್ಟಿರುವುದು ಬಾಟಲಿಯಲ್ಲ, ಅದರ ರೂಢಿ.

ಬೀಳಗಿಯಂಥ ಬಯಲುಸೀಮೆಯಲ್ಲಿ ಈ ಬೋನು ಹೆಚ್ಚು ಒದಗುವುದು ಕೃಷಿ ಹೊಂಡಕ್ಕೆ. ಕಾಟ್ಲಾ, ರೋಹು ಬಿಟ್ಟವರು ಕೆಲ ತಿಂಗಳ ನಂತರ ದಂಡೆಯಲ್ಲಿ ಗಿಜಿಗುಡುವ ಪುಡಿಮೀನು ಕಂಡು, ಮರಿಯಾದವೆಂದು ಹಿಗ್ಗುವುದುಂಟು. ಹಿಗ್ಗಲು ಕಾರಣವಿಲ್ಲ. ಈ ಗೆಂಡೆಗಳು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಹೊಳೆಗೆ ಮಳೆಗಾಲದ ಹೊಸನೀರು ಬರಬೇಕು. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸುವವರೆಗೆ ಸಾಕುವವರು ಮರಿಗಾಗಿ ಬಹುಮಟ್ಟಿಗೆ ನದಿಯನ್ನೇ ನಂಬಿದ್ದರು. ಹಾಗಾದರೆ ಹೊಂಡದಲ್ಲಿರುವುದು ಕಾಲುವೆ ನೀರಿನ ಜೊತೆ ಬಂದ ಕಾಡುಮೀನು, ಇಲ್ಲವೇ ಸೊಳ್ಳೆಯ ಮರಿಹುಳು ತಿನ್ನಲೆಂದು ಬಿಟ್ಟ ಗಪ್ಪಿ, ಗಂಬೂಸಿಯಾ. ಗೆಂಡೆಗೆಂದು ಹಾಕಿದ ತೌಡು, ಶೇಂಗಾ ಹಿಂಡಿಗೆ ಇವೂ ಪಾಲುದಾರರು.

ಬೀಸುಬಲೆ ಇರುವಾಗ ಬಾಟಲಿಯ ಆಟವೇಕೆ ಎನ್ನಬಹುದು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದೀಚೆಗೆ ಎಷ್ಟೋ ಹೊಂಡಗಳ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಇದೆ. ಬಲೆಯ ಗುಂಡುಗಳನ್ನು ಅದರ ಮೇಲೆ ಎಳೆದರೆ ಹಾಳೆ ಹರಿದೀತು. ದೊಡ್ಡ ಕಣ್ಣಿನ ಬಲೆಯಲ್ಲಿ ಪುಡಿಮೀನು ನುಸುಳಿಹೋಗುತ್ತದೆ, ಸಣ್ಣ ಕಣ್ಣಿನದರಲ್ಲಿ ಎಲ್ಲವೂ ಬರುತ್ತದೆ. ಬಾಟಲಿಯ ಎರಡು ಸೆಂಟಿಮೀಟರ್ ಕಿಂಡಿಯಲ್ಲಿ ಬೆಳೆದ ಕಾಟ್ಲಾ ತೂರದು. ಎಳೆಯ ಮರಿ ಹೊಕ್ಕರೂ ಜೀವಂತ ಸಿಗುವುದರಿಂದ ಆರಿಸಿ ಮರಳಿ ಬಿಡಬಹುದು. ಕಿಂಡಿ ತೆರೆದಿರುವಾಗ ಕೆಲವು ತಪ್ಪಿಸಿಕೊಳ್ಳುವುದಿಲ್ಲವೇ? ಖಂಡಿತ ತಪ್ಪಿಸಿಕೊಳ್ಳುತ್ತವೆ, ಮೇವು ಮುಗಿದ ಮೇಲಂತೂ ಇನ್ನೂ ಬೇಗ. ಆದ್ದರಿಂದ ಗಂಟೆಗೊಮ್ಮೆ ಎತ್ತಬೇಕು. ಗಂಬೂಸಿಯಾದ ಸಂತತಿಯನ್ನೇ ಇದು ಅಳಿಸದು ಎಂಬ ಮಾತು ಮಾತ್ರ ಒಪ್ಪತಕ್ಕದ್ದು: ಅದು ಮೊಟ್ಟೆಯಿಡದೆ ನೇರ ಮರಿ ಹಾಕುವ ಮೀನು, ಒಂದೇ ಸೂಲಿಗೆ ಹತ್ತಾರು. ಬೋನಿನಿಂದ ಆಗುವುದು ಸಂಖ್ಯೆ ತಗ್ಗಿಸುವ ಕೆಲಸವಷ್ಟೆ.

ಬಾಟಲಿಗೆ ಸುತ್ತಲೂ ಸಣ್ಣ ತೂತು ಕೊರೆದು, ಒಳಗೆ ಒಂದು ಚೂರು ರೊಟ್ಟಿ ಹಾಕಿ, ಗೆಂಡೆಗಳಿಗೆ ಮೇವು ಹಾಕುವ ಮುನ್ನ ದಂಡೆಯಲ್ಲಿ ಮುಳುಗಿಸಿ. ರಾತ್ರಿಯಿಡೀ ಬಿಡಬೇಡಿ, ಹೊಂಡದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾಗುವುದು ನಸುಕಿನಲ್ಲಿ.